ಶನಿವಾರ ಪಾಸಾದ ಮಸೂದೆ

2025ರ ಮೇ 24, ಶನಿವಾರ. ಅಧಿವೇಶನ ಮುಗಿಯುತ್ತ ಬಂದಿದ್ದರಿಂದ ಟೆಕ್ಸಾಸ್ ರಾಜ್ಯದ ಶಾಸನಸಭೆ ರಜೆಯ ದಿನವೂ ಕೂತಿತ್ತು. ಚರ್ಚೆಗೆ ಬಂದಿದ್ದು, ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಎಲ್ಲ ತರಗತಿಗಳ ಗೋಡೆಗೂ ಬೈಬಲ್ಲಿನ ಹತ್ತು ಆಜ್ಞೆಗಳನ್ನು ತೂಗುಹಾಕಬೇಕೆಂಬ ಮಸೂದೆ. ಪೋಸ್ಟರಿನ ಅಳತೆಯೂ ಅದರಲ್ಲೇ ಬರೆದಿತ್ತು: ಕಡಿಮೆಯೆಂದರೆ 16 ಇಂಚು ಅಗಲ, 20 ಇಂಚು ಎತ್ತರ. ಮಸೂದೆಯನ್ನು ಸಮರ್ಥಿಸಲು ನಿಂತವರು ರಿಪಬ್ಲಿಕನ್ ಪಕ್ಷದ ಕ್ಯಾಂಡಿ ನೋಬಲ್. ಪ್ರಶ್ನೆ ಕೇಳಲು ಎದ್ದವರು ಡೆಮಾಕ್ರಟಿಕ್ ಪಕ್ಷದ ಜೇಮ್ಸ್ ಟಲಾರಿಕೊ. ಇನ್ನೂ ಚಿಕ್ಕ ವಯಸ್ಸು. ಹಿಂದೆ ಶಾಲೆಯಲ್ಲಿ ಮೇಷ್ಟ್ರಾಗಿದ್ದು, ಆಮೇಲೆ ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿ ಸೇರಿದವರು.

ಅವರು ಕೂಗಾಡಲಿಲ್ಲ. ಯಹೂದ್ಯರಿಗೆ ಸಬ್ಬತ್, ಅಂದರೆ ಕೆಲಸಕ್ಕೆ ಬಿಡುವಿನ ಪವಿತ್ರ ದಿನ, ಯಾವತ್ತು ಎಂದು ಕೇಳಿದರು. ಶನಿವಾರ. ಇವತ್ತು ಯಾವ ವಾರ? ಶನಿವಾರ. ಕ್ರೈಸ್ತರ ಸಬ್ಬತ್? ಭಾನುವಾರ. ಈ ಮಸೂದೆಗೆ ಕೊನೆಯ ವೋಟು ಯಾವತ್ತು? ನಾಳೆ, ಭಾನುವಾರ. ಹಾಗಿದ್ದರೆ, ಸಬ್ಬತ್ತಿನ ದಿನ ಕೆಲಸ ಮಾಡಬೇಡ ಎನ್ನುವ ಆಜ್ಞೆಯನ್ನು ಮಕ್ಕಳ ಕಣ್ಣೆದುರು ತೂಗುಹಾಕುವ ಈ ಮಸೂದೆಯನ್ನು ಸೋಮವಾರಕ್ಕೆ ಇಟ್ಟುಕೊಳ್ಳೋಣವೇ? ಆಗುವುದಿಲ್ಲ ಎಂದಾಯಿತು. ಶನಿವಾರ ಮೊದಲ ಒಪ್ಪಿಗೆ, ಭಾನುವಾರ ಕೊನೆಯ ವೋಟು. ಸಹಿ ಹಾಕಿದ್ದೇನೆಂದು ಗವರ್ನರ್ ಗ್ರೆಗ್ ಅಬಟ್ ಪ್ರಕಟಿಸಿದ್ದು ಜೂನ್ 21ಕ್ಕೆ. ಕುತೂಹಲಕ್ಕೆ ಕ್ಯಾಲೆಂಡರ್ ತೆಗೆದು ನೋಡಿದೆ, ಅದೂ ಶನಿವಾರವೇ.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ನಮ್ಮಲ್ಲಿ ಇಂಥದ್ದನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಪುರಾಣದ ಶಾಸ್ತ್ರಿಗಳು ಬದನೆಕಾಯಿ ತಿಂದರೆ ಕೇಳಿದವರಿಗೆ ನಷ್ಟವೇನಿಲ್ಲ. ಬೇಡವೆನಿಸಿದರೆ ಚಾಪೆ ಮಡಚಿ ಮನೆಗೆ ಹೋಗಬಹುದು. ಆರು ವರ್ಷದ ಮಗು ತರಗತಿಯಿಂದ ಎದ್ದು ಎಲ್ಲಿಗೆ ಹೋಗುತ್ತದೆ? ಅಲ್ಲದೆ ಆ ಪೋಸ್ಟರಿನಲ್ಲಿರುವುದು ಯಾರ ಹತ್ತು ಆಜ್ಞೆ? ಯಹೂದ್ಯರು ಎಣಿಸುವ ಕ್ರಮ ಬೇರೆ, ಕ್ಯಾಥೊಲಿಕರದು ಬೇರೆ, ಬಹುಪಾಲು ಪ್ರಾಟೆಸ್ಟೆಂಟರದು ಇನ್ನೊಂದು. ಸಬ್ಬತ್ತಿನ ಮಾತು ಕ್ಯಾಥೊಲಿಕರಿಗೆ ಮೂರನೆಯದು, ಯಹೂದ್ಯರಿಗೆ ನಾಲ್ಕನೆಯದು. ಕಾನೂನಿನಲ್ಲಿ ಮಾತ್ರ ಒಂದೇ ಪಾಠ ಅಚ್ಚಾಗಿದೆ. ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋದ ಪೋಷಕರಲ್ಲಿ ಯಹೂದ್ಯರು, ಕ್ರೈಸ್ತರು, ಹಿಂದೂಗಳು, ದೇವರನ್ನೇ ನಂಬದವರು ಎಲ್ಲರೂ ಇದ್ದರು. ಆ ಆಗಸ್ಟಿನಲ್ಲೇ ಫೆಡರಲ್ ನ್ಯಾಯಾಧೀಶರೊಬ್ಬರು ಕೆಲವು ಶಾಲಾ ಜಿಲ್ಲೆಗಳ ಮಟ್ಟಿಗೆ ತಡೆಯಾಜ್ಞೆ ಕೊಟ್ಟರು, ಸರ್ಕಾರ ಮೇಲ್ಮನವಿ ಹಾಕಿತು. ಕೋರ್ಟಿನ ವಿಷಯ ಕೋರ್ಟಿಗಿರಲಿ.

ನನಗೆ ಇದಕ್ಕಿಂತಲೂ ಬೋಧಪ್ರದವಾಗಿ ಕಂಡಿದ್ದು ಪಕ್ಕದ ಲೂಸಿಯಾನದ ಕಥೆ. 2012ರಲ್ಲಿ ಅಲ್ಲಿನ ಗವರ್ನರ್ ಬಾಬಿ ಜಿಂದಾಲ್ ಒಂದು ಯೋಜನೆ ತಂದರು. ಮಗು ಖಾಸಗಿ ಶಾಲೆಗೆ ಸೇರಿದರೆ ಅದರ ಫೀಸಿಗೆ ಸರ್ಕಾರದ ದುಡ್ಡು. ಧಾರ್ಮಿಕ ಸಂಸ್ಥೆಯ ಶಾಲೆಯಾದರೂ ಅಡ್ಡಿಯಿಲ್ಲ. ವ್ಯಾಲರಿ ಹಾಡ್ಜಸ್ ಎಂಬ ರಿಪಬ್ಲಿಕನ್ ಶಾಸಕಿ ಉತ್ಸಾಹದಿಂದ ಬೆಂಬಲಿಸಿದರು. ಅರ್ಜಿಗಳು ಬಂದವು. ಅದರಲ್ಲಿ ನ್ಯೂ ಆರ್ಲಿಯನ್ಸ್ ಪ್ರದೇಶದ ಇಸ್ಲಾಮಿಕ್ ಶಾಲೆಯೊಂದರದೂ ಇತ್ತು. ತಕ್ಷಣ ಅವರ ಉತ್ಸಾಹ ಇಳಿಯಿತು. ಧಾರ್ಮಿಕ ಶಾಲೆ ಎಂದರೆ ಈ ದೇಶ ಕಟ್ಟಿದ ಹಿರಿಯರ ಧರ್ಮದ, ಅಂದರೆ ಕ್ರೈಸ್ತ ಧರ್ಮದ ಶಾಲೆ ಎಂದು ತಾವು ತಿಳಿದಿದ್ದಾಗಿ ಹೇಳಿ, ತಾವೇ ಕೈಯೆತ್ತಿದ ಯೋಜನೆಗೆ ತಿರುಗಿಬಿದ್ದರು. ಆ ಶಾಲೆ ಕೊನೆಗೆ ಅರ್ಜಿಯನ್ನು ಹಿಂದಕ್ಕೆ ಪಡೆಯಿತು. ಈಕೆಯನ್ನು ಆಷಾಢಭೂತಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಉಳಿದವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಈಕೆ ಮೈಕಿನೆದುರು ಹೇಳಿದರು, ಅಷ್ಟೆ. ಧಾರ್ಮಿಕ ಸ್ವಾತಂತ್ರ್ಯದ ಭಾಷಣ ಯಾರು ಬೇಕಾದರೂ ಮಾಡಬಹುದು. ಅದೇ ಬಾಗಿಲಿನಿಂದ ಪಕ್ಕದ ಮನೆಯವರೂ ಒಳಗೆ ಬಂದಾಗ ಮುಖ ಏನಾಗುತ್ತದೆ ಎನ್ನುವುದರಲ್ಲಿದೆ ಪರೀಕ್ಷೆ.

2006ರಲ್ಲಿ ಆ ಬಾಗಿಲಿನ ಮುಂದೆ ನಿಂತವರು ಕೀತ್ ಎಲಿಸನ್. ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಮುಸ್ಲಿಂ. ಕುರಾನ್ ಮೇಲೆ ಕೈಯಿಟ್ಟು ಪ್ರಮಾಣ ಮಾಡುತ್ತೇನೆ ಅಂದರು, ಊರಿಗೆ ಊರೇ ಹೊತ್ತಿಕೊಂಡಿತು. ಹಾಗೆ ಮಾಡಲು ಬಿಡಲೇಬಾರದು ಎಂದು ಅಂಕಣ ಬರೆದವರು ಡೆನಿಸ್ ಪ್ರೇಗರ್ ಎಂಬ ರೇಡಿಯೊ ಮಾತುಗಾರ. ಇವರು ಸ್ವತಃ ಯಹೂದ್ಯರು. ವಲಸೆ ಕಾನೂನು ಬಿಗಿ ಮಾಡದಿದ್ದರೆ ಇಂಥವರು ಇನ್ನಷ್ಟು ಜನ ಆಯ್ಕೆಯಾಗುತ್ತಾರೆ ಎಂದು ತಮ್ಮ ಮತದಾರರಿಗೆ ಕಾಗದ ಬರೆದವರು ವರ್ಜೀನಿಯದ ಕಾಂಗ್ರೆಸ್ ಸದಸ್ಯ ವರ್ಜಿಲ್ ಗುಡ್. ಎಲಿಸನ್ ಯಾವ ವಲಸೆಗಾರ? ಹುಟ್ಟಿದ್ದು ಡೆಟ್ರಾಯಿಟಿನಲ್ಲಿ. ತಮ್ಮ ಪೂರ್ವಜರು 1742ರಿಂದಲೂ ಇದೇ ನೆಲದಲ್ಲಿದ್ದಾರೆ ಎಂದು ಅವರು ತಾಳ್ಮೆಯಿಂದಲೇ ಉತ್ತರಿಸಿದರು.

ಇದರಲ್ಲೊಂದು ಸ್ವಾರಸ್ಯವಿದೆ. ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಪ್ರಮಾಣವಚನಕ್ಕೆ ಪುಸ್ತಕವೇ ಇಲ್ಲ. ಎಲ್ಲರೂ ಒಟ್ಟಿಗೆ ಎದ್ದು ಬಲಗೈ ಎತ್ತುತ್ತಾರೆ, ಮುಗಿಯಿತು. ಬೈಬಲ್ಲೋ ಮತ್ತೊಂದೋ ಬರುವುದು ಆಮೇಲೆ, ಹೆಂಡತಿ ಮಕ್ಕಳ ಜೊತೆ ಫೋಟೊ ತೆಗೆಸಿಕೊಳ್ಳುವಾಗ. ಯಾವ ಹುದ್ದೆಗೂ ಧರ್ಮದ ಪರೀಕ್ಷೆ ಇಡಕೂಡದು ಎಂದು ಅವರ ಸಂವಿಧಾನದ ಆರನೆಯ ವಿಧಿಯಲ್ಲೇ ಇದೆ. ಸಂವಿಧಾನ ಉಳಿಸುತ್ತೇವೆ ಎಂದು ಎದೆ ಬಡಿದುಕೊಳ್ಳುವವರು ಅಲ್ಲಿಯತನಕ ಓದಿರಲಿಲ್ಲವೋ, ಓದಿಯೂ ಮರೆತಿದ್ದರೋ. ನಮ್ಮಲ್ಲಿ ಮಂತ್ರಿಗಳು ರೈತರ ಹೆಸರಲ್ಲಿ, ಗೋಮಾತೆಯ ಹೆಸರಲ್ಲಿ, ತಾವು ನಡೆದುಕೊಳ್ಳುವ ಅಜ್ಜಯ್ಯನ ಹೆಸರಲ್ಲಿ ಪ್ರಮಾಣ ಮಾಡಿದ್ದನ್ನು ಟೀವಿಯಲ್ಲಿ ನೋಡಿ ನಕ್ಕು ಸುಮ್ಮನಾಗಿದ್ದೇವೆ. ಈ ಒಂದು ವಿಷಯದಲ್ಲಿ ನಾವೇ ವಾಸಿ.

ಎಲಿಸನ್ ಮಾಡಿದ್ದು ಜಾಣತನ. ಲೈಬ್ರರಿ ಆಫ್ ಕಾಂಗ್ರೆಸ್ಸಿನಿಂದ ಒಂದು ಹಳೆಯ ಕುರಾನ್ ತರಿಸಿಕೊಂಡರು. ಅದು ಥಾಮಸ್ ಜೆಫರ್ಸನ್ ಅವರದು. ವಿದ್ಯಾರ್ಥಿಯಾಗಿದ್ದಾಗ 1765ರಲ್ಲಿ ಕೊಂಡ ಇಂಗ್ಲಿಷ್ ಅನುವಾದ. ವರ್ಜಿಲ್ ಗುಡ್ ಅವರ ಕ್ಷೇತ್ರದಲ್ಲೇ ಜೆಫರ್ಸನ್‌ರ ಮನೆ ಮಾಂಟಿಸೆಲೊ ಇರುವುದು. ವರ್ಜೀನಿಯದ ಧಾರ್ಮಿಕ ಸ್ವಾತಂತ್ರ್ಯದ ಕಾನೂನನ್ನು ಬರೆದವರೂ ಜೆಫರ್ಸನ್ನರೇ. 1786ರಲ್ಲಿ ಪಾಸಾದ ಆ ಕಾನೂನು ಶಾಸನಸಭೆಯಲ್ಲಿ ಚರ್ಚೆಗೆ ಬಂದಾಗ ಅದರಲ್ಲಿ ಯೇಸುಕ್ರಿಸ್ತನ ಹೆಸರು ಸೇರಿಸಬೇಕೆಂಬ ತಿದ್ದುಪಡಿ ಬಂತು, ದೊಡ್ಡ ಬಹುಮತದಿಂದ ಬಿದ್ದುಹೋಯಿತು. ಅದು ಬಿದ್ದಿದ್ದರ ಅರ್ಥವೇನೆಂದು ಜೆಫರ್ಸನ್ ಮುದಿವಯಸ್ಸಿನ ಆತ್ಮಕಥೆಯಲ್ಲಿ ವಿವರಿಸಿದ್ದಾರೆ: ಈ ಕಾನೂನಿನ ನೆರಳು ಯಹೂದ್ಯರಿಗೂ ಕ್ರೈಸ್ತರಿಗೂ ಮುಸಲ್ಮಾನರಿಗೂ ಹಿಂದೂಗಳಿಗೂ ನಾಸ್ತಿಕರಿಗೂ ಒಂದೇ ಎಂದು. ಹಿಂದೂಗಳು ಅನ್ನುವುದನ್ನು ಗಮನಿಸಿ. ಆಗ ಅವರ ಸುತ್ತಮುತ್ತ ಹುಡುಕಿದರೂ ಒಬ್ಬ ಹಿಂದೂ ಸಿಗುವುದು ಕಷ್ಟವಿತ್ತು. ಹಾಗೆಂದು ಜೆಫರ್ಸನ್ ಸಾಚಾ ಎನ್ನಬೇಡಿ. ಮನುಷ್ಯರೆಲ್ಲ ಸಮಾನರು ಎಂದು ಬರೆದಾತ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದ. ಆದರೂ ಕಾನೂನು ಬರೆಯುವಾಗ, ಇನ್ನೂ ಬಾರದ ನೆಂಟರಿಗೂ ಎಲೆ ಹಾಕಿಟ್ಟಿದ್ದ.

ಎಲಿಸನ್‌ರನ್ನು ಸಭೆಗೆ ಸೇರಿಸಲೇಬಾರದು ಎಂದವರಲ್ಲಿ ಅಲಬಾಮದ ರಾಯ್ ಮೂರ್ ಕೂಡ ಒಬ್ಬರು. ಇವರು ಅಲ್ಲಿನ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ, 2001ರಲ್ಲಿ, ಹತ್ತು ಆಜ್ಞೆಗಳನ್ನು ಕೆತ್ತಿದ ಎರಡು ಟನ್ನಿಗೂ ಮೀರಿದ ಕಲ್ಲನ್ನು ರಾತ್ರೋರಾತ್ರಿ ನ್ಯಾಯಾಲಯದ ಕಟ್ಟಡಕ್ಕೆ ತರಿಸಿ ಕೂರಿಸಿದ್ದರು. ತೆಗೆಯಿರಿ ಎಂಬ ಫೆಡರಲ್ ಕೋರ್ಟಿನ ಆದೇಶಕ್ಕೆ ಬಗ್ಗದೆ 2003ರಲ್ಲಿ ಹುದ್ದೆ ಕಳೆದುಕೊಂಡರು. 2017ರಲ್ಲಿ ಸೆನೆಟ್ಟಿಗೆ ನಿಂತಾಗ, ಹಿಂದೆ ಹದಿಹರೆಯದ ಹುಡುಗಿಯರ ಜೊತೆ ಅನುಚಿತವಾಗಿ ನಡೆದುಕೊಂಡಿದ್ದರೆಂಬ ಆರೋಪಗಳು ಬಂದವು. ಅವರು ಎಲ್ಲವನ್ನೂ ಅಲ್ಲಗಳೆದರು. ಚುನಾವಣೆಯ ದಿನ, ಡಿಸೆಂಬರ್ 12ರಂದು, ಅವರ ವಕ್ತಾರರು ಸಿಎನ್‌ಎನ್ ವಾಹಿನಿಗೆ ಬಂದರು. ಮುಸ್ಲಿಮರು ಕಾಂಗ್ರೆಸ್ಸಿನಲ್ಲಿ ಕೂರುವಂತಿಲ್ಲ, ಯಾಕೆಂದರೆ ಬೈಬಲ್ ಮೇಲೆ ಪ್ರಮಾಣ ಮಾಡಬೇಕಲ್ಲ ಎಂದರು. ಬೈಬಲ್ಲೇ ಬೇಕೆಂದು ಕಾನೂನಿಲ್ಲ, ನಿಮಗೆ ಗೊತ್ತಿಲ್ಲವೇ ಎಂದು ನಿರೂಪಕ ಜೇಕ್ ಟ್ಯಾಪರ್ ಕೇಳಿದರು. ವಕ್ತಾರರ ಬಾಯಿ ತೆರೆದೇ ಉಳಿಯಿತು, ಮಾತು ಹೊರಡಲಿಲ್ಲ. ಕೆಲವು ಸೆಕೆಂಡುಗಳ ಆ ದೃಶ್ಯವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಎಲಿಸನ್ ಗಲಾಟೆಯಾಗಿ ಹನ್ನೊಂದು ವರ್ಷವಾಗಿತ್ತು. ಇಡೀ ದೇಶ ಆ ಪಾಠ ಕೇಳಿಸಿಕೊಂಡಿತ್ತು, ಇವರೊಬ್ಬರನ್ನು ಬಿಟ್ಟು. ಮೂರ್ ಆ ಚುನಾವಣೆ ಸೋತರು.

ಸಂಪ್ರದಾಯವಾದಿಗಳೆಲ್ಲ ಹೀಗೇ ಎಂದು ಬರೆದರೆ ಅದು ಅನ್ಯಾಯ. 2001ರಲ್ಲಿ ಅವಳಿ ಗೋಪುರ ಬಿದ್ದು ಆರೇ ದಿನಕ್ಕೆ ಜಾರ್ಜ್ ಬುಷ್ ವಾಷಿಂಗ್ಟನ್ನಿನ ಮಸೀದಿಗೆ ಹೋಗಿ, ಮುಸ್ಲಿಮರ ಮೇಲೆ ಕೈಮಾಡಬೇಡಿ ಎಂದರು. ಒಬಾಮ ಮುಸ್ಲಿಂ ಎಂಬ ಪಿಸುಮಾತು ಹಬ್ಬಿದಾಗ, ಆದರೆ ತಪ್ಪೇನು ಎಂದು ಕೇಳಿದವರು ರಿಪಬ್ಲಿಕನ್ ಪಕ್ಷದವರೇ ಆದ ಕಾಲಿನ್ ಪವೆಲ್. ಅಂಥ ದನಿಗಳು ಆ ಪಾಳೆಯದಲ್ಲಿ ಈಗ ಕೇಳುವುದೇ ಅಪರೂಪ ಎನ್ನುವುದು ನನ್ನ ತಕರಾರು.

ಇನ್ನು ನಮ್ಮವರ ವಿಷಯ. ನನ್ನ ದೊಡ್ಡಮ್ಮನ ಮಗ ಹ್ಯೂಸ್ಟನ್ ಹತ್ತಿರದಲ್ಲಿದ್ದಾನೆ; ನಾನು ಅಣ್ಣ ಅಂತಲೇ ಕರೆಯುವುದು. ಒಳ್ಳೆಯವನು, ಶನಿವಾರ ತಪ್ಪಿದರೂ ಆಂಜನೇಯನ ಗುಡಿ ತಪ್ಪಿಸುವವನಲ್ಲ. 2017ರಲ್ಲಿ ಟ್ರಂಪ್ ಕೆಲವು ಮುಸ್ಲಿಂ ದೇಶಗಳವರಿಗೆ ಬಾಗಿಲು ಹಾಕಿದಾಗ, "ಹಾಗೇ ಆಗ್ಬೇಕು ಕಣೋ" ಅಂತ ಫೋನಿನಲ್ಲೇ ಸಂಭ್ರಮಿಸಿದ್ದ. ಕಾಂಗ್ರೆಸ್ ಸದಸ್ಯೆಯಾಗಿ ತುಲಸಿ ಗಬಾರ್ಡ್ 2013ರಲ್ಲಿ ಭಗವದ್ಗೀತೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದ್ದ ಫೋಟೊವನ್ನೂ, 2025ರ ಫೆಬ್ರುವರಿಯಲ್ಲಿ ಕಾಶ್ ಪಟೇಲ್ ಗೀತೆಯ ಮೇಲೆ ಪ್ರಮಾಣ ಮಾಡಿ ಎಫ್‌ಬಿಐ ಮುಖ್ಯಸ್ಥರಾದ ಫೋಟೊವನ್ನೂ ಮನೆಮಂದಿಯ ವಾಟ್ಸ್ಯಾಪ್ ಗುಂಪಿಗೆ ಹಾಕಿದವನು ಅವನೇ.

ಅವನ ಮನೆಗೆ ಹತ್ತಿರದ ಶುಗರ್ ಲ್ಯಾಂಡಿನ ಅಷ್ಟಲಕ್ಷ್ಮಿ ದೇವಸ್ಥಾನದಲ್ಲಿ 2024ರ ಆಗಸ್ಟಿನಲ್ಲಿ 90 ಅಡಿಯ ಹನುಮಂತನ ಪ್ರತಿಷ್ಠೆಯಾಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಟೆಕ್ಸಾಸಿನಿಂದ ಸೆನೆಟ್ಟಿಗೆ ಟಿಕೆಟ್ ಬಯಸಿದ್ದ ಅಲೆಕ್ಸಾಂಡರ್ ಡಂಕನ್ ಎಂಬ ರಿಪಬ್ಲಿಕನ್, ಸುಳ್ಳು ದೇವರ ಸುಳ್ಳು ವಿಗ್ರಹ ಇಲ್ಲಿ ಯಾಕೆ, ನಮ್ಮದು ಕ್ರೈಸ್ತ ದೇಶ ಎಂದು ಬರೆದರು. ಆಧಾರವಾಗಿ ಉಲ್ಲೇಖಿಸಿದ್ದು ವಿಗ್ರಹ ಮಾಡಿಕೊಳ್ಳಬೇಡ ಎನ್ನುವ ವಚನಗಳನ್ನು. ಅವು ಬೇರೆಲ್ಲಿಯವೂ ಅಲ್ಲ, ಆ ಹತ್ತು ಆಜ್ಞೆಗಳಲ್ಲೇ ಮೊದಲಿಗೆ ಬರುವಂಥವು. ಅಕ್ಟೋಬರಿನಲ್ಲಿ ಕಾಶ್ ಪಟೇಲ್ ದೀಪಾವಳಿಯ ಶುಭಾಶಯ ಹೇಳಿದ್ದಕ್ಕೆ ಅವರದೇ ಪಾಳೆಯದವರು ಬೈದರು.

ಅಣ್ಣ ಫೋನು ಮಾಡಿದ. "ನಾವು ಯಾರ ತಂಟೆಗಾದ್ರೂ ಹೋಗಿದ್ವೇನೋ? ನಮ್ಮ ಮೇಲೆ ಯಾಕೆ?" ಅಂದ. ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು.

"ಅಣ್ಣಾ, ಇದು ಹೊಸದಲ್ಲ" ಅಂದೆ. 2007ರ ಜುಲೈಯಲ್ಲಿ ರಾಜನ್ ಜೆಡ್ ಎಂಬ ಹಿಂದೂ ಪುರೋಹಿತರು ಸೆನೆಟ್ಟಿನಲ್ಲಿ ಮೊದಲ ಸಲ ಪ್ರಾರ್ಥನೆ ಹೇಳಲು ನಿಂತಾಗ ಗ್ಯಾಲರಿಯಿಂದ ಕೂಗಿ ಅಡ್ಡಿಪಡಿಸಿದ ಮೂವರನ್ನು ಪೊಲೀಸರು ಹಿಡಿದರು. ಐಡಾಹೊ ರಾಜ್ಯದ ಕಾಂಗ್ರೆಸ್ ಸದಸ್ಯ ಬಿಲ್ ಸಾಲಿ, ಸೆನೆಟ್ಟಿನಲ್ಲಿ ಹಿಂದೂ ಪ್ರಾರ್ಥನೆ, ಸಭೆಯಲ್ಲಿ ಮುಸ್ಲಿಂ ಸದಸ್ಯ, ಇದೆಲ್ಲ ನಮ್ಮ ಹಿರಿಯರು ಎಣಿಸಿದ್ದಲ್ಲ ಎಂದರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರು. ಅವರ ಪಟ್ಟಿಯಲ್ಲಿ ಅಣ್ಣನೂ ಎಲಿಸನ್ನೂ ಆವತ್ತಿನಿಂದಲೇ ಅಕ್ಕಪಕ್ಕದಲ್ಲಿದ್ದರು, ಅಣ್ಣನಿಗೆ ಗೊತ್ತಿರಲಿಲ್ಲ. ಗೀತೆಯ ಫೋಟೊಗಳು ಸಾಧ್ಯವಾಗಿದ್ದು ಯಾರೋ ಒಬ್ಬರು ಕುರಾನ್ ಹಿಡಿದು, ಬೈಸಿಕೊಂಡು, ಅದೇ ಬಾಗಿಲಲ್ಲಿ ಗಟ್ಟಿಯಾಗಿ ನಿಂತಿದ್ದರಿಂದ ಎಂದು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಬೇರೆ ಕಣೋ" ಅಂದ. ಹೇಗೆ ಬೇರೆ ಅಂತ ಹೇಳಲಿಲ್ಲ.

ಅಣ್ಣನೊಬ್ಬನನ್ನೇ ಯಾಕೆ ಅನ್ನಲಿ. ಹನುಮಂತನಿಗೆ ಆದ ಅವಮಾನಕ್ಕೆ ಅದೇ ವಾಟ್ಸ್ಯಾಪ್ ಗುಂಪಿನಲ್ಲಿ ಕುದಿದವರಲ್ಲಿ ಬೆಂಗಳೂರು, ಶಿವಮೊಗ್ಗದವರೂ ಇದ್ದರು. 2022ರಲ್ಲಿ ನಮ್ಮ ಕರಾವಳಿ, ಮಲೆನಾಡಿನ ಜಾತ್ರೆಗಳಲ್ಲಿ ಮುಸ್ಲಿಮರಿಗೆ ಬಳೆ, ಬತ್ತಾಸಿನ ಅಂಗಡಿ ಹಾಕಲು ಬಿಡಬಾರದು ಎಂದು ಬ್ಯಾನರ್ ಕಟ್ಟಿದಾಗ ಇವರು ಕುದಿಯಲಿಲ್ಲ. ಕೆಲವರು ಹೆಬ್ಬೆರಳೆತ್ತಿದ್ದರು. ಬಹುಸಂಖ್ಯಾತರಾಗಿರುವ ಕಡೆ ಒಂದು ನ್ಯಾಯ, ಅಲ್ಪಸಂಖ್ಯಾತರಾಗಿರುವ ಕಡೆ ಇನ್ನೊಂದು ನ್ಯಾಯ ಕೇಳುವುದಕ್ಕೆ ಟೆಕ್ಸಾಸಿನವರೇ ಆಗಬೇಕೆಂದಿಲ್ಲ.

ಗೀತೆಯ ಮೇಲೆ ಕೈಯಿಟ್ಟ ಫೋಟೊ ಮುಂದೆಯೂ ಬರುತ್ತದೆ, ಹಂಚಿಕೊಳ್ಳಿ, ಹೆಮ್ಮೆ ಪಡಿ. ಜೊತೆಗೆ 2007ರ ಜನವರಿಯಲ್ಲಿ ಜೆಫರ್ಸನ್‌ರ ಕುರಾನ್ ಮೇಲೆ ಕೈಯಿಟ್ಟು ನಿಂತ ಕೀತ್ ಎಲಿಸನ್‌ರ ಫೋಟೊವನ್ನೂ ಹಾಕಿ. ಅದು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ.