ತಪ್ಪು ಬ್ಯಾಟರಿಯದೇ ಇರಬೇಕೆಂದಿಲ್ಲ

ಕೀ ತಿರುಗಿಸಿದಾಗ ಸೆಲ್ಫ್ ತಿರುಗದೆ ಬರೀ ಟಕ್ ಟಕ್ ಅಂದರೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ಬ್ಯಾಟರಿ ಹೋಯ್ತು. ಹೊಸದನ್ನು ಹಾಕಿಸುತ್ತಾರೆ, ಕೆಲವು ಸಲ ವಾರ ಕಳೆಯುವುದರೊಳಗೆ ಅದೂ ಡೌನ್ ಆಗುತ್ತದೆ. ಬ್ಯಾಟರಿ, ಅದನ್ನು ತುಂಬಿಸುವ ಆಲ್ಟರ್ನೇಟರ್ (ಗ್ಯಾರೇಜಿನವರ ಬಾಯಲ್ಲಿ ಡೈನಮೋ), ಇವೆರಡರ ನಡುವಿನ ವೈರು, ಯಾವುದು ಕೆಟ್ಟರೂ ಹೊರಗೆ ಕಾಣುವ ಲಕ್ಷಣ ಒಂದೇ. ಹಾಗಾಗಿ ಬಿಚ್ಚುವ ಮೊದಲು ಅಳೆಯಬೇಕು ಎಂಬುದು ನನ್ನ ವಾದ. ಒಂದು ಸಾಧಾರಣ ಮಲ್ಟಿಮೀಟರ್ ಹಿಡಿದು ಈ ಮೂವರನ್ನೂ ಬೇರೆ ಬೇರೆಯಾಗಿ ಮಾತಾಡಿಸುವ ಸುಖಕ್ಕಾಗಿಯೇ ನನಗೆ ಈ ಕೆಲಸ ಇಷ್ಟ.

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಎಂದರ್ಥ; 12.2 ಅಂದರೆ ಹೆಚ್ಚುಕಡಿಮೆ ಅರ್ಧ ಖಾಲಿ. ಆದರೆ ಈ ಅಂಕಿಯೊಂದನ್ನೇ ನಂಬುವಂತಿಲ್ಲ. ಒಳಗಿನ ಪ್ಲೇಟುಗಳು ಸವೆದ ಬ್ಯಾಟರಿಯೂ ಸುಮ್ಮನಿರುವಾಗ 12.6 ತೋರಿಸಬಲ್ಲದು, ಸೆಲ್ಫ್ ಹೊಡೆದಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ. ಆಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ ಅನುಮಾನ ಬ್ಯಾಟರಿಯ ಮೇಲೆಯೇ. ಕುಸಿಯದಿದ್ದರೆ ಮೀಟರಿನ ಒಂದು ಕಡ್ಡಿಯನ್ನು ನೆಗೆಟಿವ್ ಟರ್ಮಿನಲ್ಲಿನ ಸೀಸದ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಒತ್ತಿ ಮತ್ತೆ ಸೆಲ್ಫ್ ಹೊಡೆಸಬೇಕು. ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಕಾಣಬೇಕು. ಅರ್ಧ ವೋಲ್ಟ್ ದಾಟಿದರೆ ಅರ್ಥ್ ವೈರಿನ ತುದಿಯಲ್ಲಿ ತುಕ್ಕೋ ಸಡಿಲ ಬೋಲ್ಟೋ ಇದೆ. ಮರಳು ಕಾಗದದಲ್ಲಿ ಉಜ್ಜಿದರೆ ಮುಗಿಯುವ ಕೆಲಸಕ್ಕೆ ಬ್ಯಾಟರಿ ಬದಲಿಸಿದವರು ಎಷ್ಟು ಜನರೋ! ಇನ್ನು ಡೈನಮೋ: ಎಂಜಿನ್ ಓಡುವಾಗ ಬ್ಯಾಟರಿಯ ಎರಡು ಟರ್ಮಿನಲ್ಲುಗಳ ನಡುವೆ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಅಂಕಿ ಏರದೆ 12ರ ಆಸುಪಾಸಿನಲ್ಲೇ ನಿಂತರೆ ಬೆಲ್ಟು, ಡೈನಮೋ, ಅದರ ವೈರು ನೋಡಬೇಕು.

ಹೊಸ ಕಾರುಗಳಲ್ಲಿ ಚಾರ್ಜಿಂಗನ್ನು ಕಂಪ್ಯೂಟರೇ ಏರಿಳಿಸುತ್ತದೆ, ಈ ಅಂಕಿಗಳು ಅಲ್ಲಿ ನಡೆಯುವುದಿಲ್ಲ ಎನ್ನುವವರಿದ್ದಾರೆ. ನಿಜ, ಒಂದೇ ಸಲ ನೋಡಿ ತೀರ್ಮಾನಿಸುವಂತಿಲ್ಲ. ಹೆಡ್‌ಲೈಟು, ಬ್ಲೋವರ್ ಹಾಕಿ ಸ್ವಲ್ಪ ಹೊತ್ತು ಗಮನಿಸಬೇಕು. ಡೈನಮೋ ಪರೀಕ್ಷೆಗೆಂದು ಓಡುವ ಎಂಜಿನ್ನಿನ ಬ್ಯಾಟರಿ ಟರ್ಮಿನಲ್ ಕಳಚುವ ಹಳೆಯ ಪದ್ಧತಿಯನ್ನಂತೂ ಯಾರೂ ಮಾಡಕೂಡದು, ವೋಲ್ಟೇಜ್ ಹಠಾತ್ತನೆ ಜಿಗಿದು ಎಲೆಕ್ಟ್ರಾನಿಕ್ ಭಾಗಗಳು ಸುಟ್ಟಾವು. ನಾಲ್ಕು ವರ್ಷ ದುಡಿದ ಬ್ಯಾಟರಿಗೆ ಇಷ್ಟೆಲ್ಲ ಯಾಕೆ, ಬದಲಿಸಿಬಿಡಿ ಎಂಬುದು ಇನ್ನೊಂದು ಮಾತು. ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಬ್ಯಾಟರಿ ಬೇಗ ಮುಪ್ಪಾಗುವುದು ಹೌದು. ಆದರೆ ನಿಂತ ಕಾರಿನಲ್ಲಿ ಎಲ್ಲೋ 300 ಮಿಲಿಆಂಪ್ ಸೋರುತ್ತಿದ್ದರೆ 35 ಆಂಪ್-ಅವರಿನ ಹೊಚ್ಚಹೊಸ ಬ್ಯಾಟರಿಯೂ ಐದು ದಿನದಲ್ಲಿ ಬರಿದಾಗುತ್ತದೆ. ಎಲ್ಲ ಆಫ್ ಮಾಡಿ, ಬಾಗಿಲು ಹಾಕಿ, ನೆಗೆಟಿವ್ ವೈರಿಗೂ ಟರ್ಮಿನಲ್ಲಿಗೂ ನಡುವೆ ಮೀಟರನ್ನು ಆಂಪಿಯರ್‌ಗೆ ಇಟ್ಟು ಸೇರಿಸಿ, ಅರ್ಧ ಗಂಟೆ ಕಾಯಬೇಕು. ಸುಮಾರು 50 ಮಿಲಿಆಂಪಿನೊಳಗೆ ಇಳಿದರೆ ಚಿಂತೆಯಿಲ್ಲ. ಇಳಿಯದಿದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತಾ ಹೋಗಬೇಕು. ಯಾವ ಫ್ಯೂಸಿಗೆ ಅಂಕಿ ದಡಕ್ಕನೆ ಬೀಳುತ್ತದೋ ಕಳ್ಳ ಆ ವೈರಿನಲ್ಲೇ ಇದ್ದಾನೆ. ಡಿಕ್ಕಿಯ ದೀಪವೋ, ಆಮೇಲೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್ಮೋ ಎಂದು ಹುಡುಕುವುದಷ್ಟೇ ಬಾಕಿ.