ಹಾಬೆನ್ನೋ, ಝೈನೋ?

ಜರ್ಮನ್ ಭಾಷೆಯಲ್ಲಿ ನಿನಗೆ ಬಹಳ ಇಷ್ಟವಾದದ್ದು ಏನು ಎಂದು ಯಾರಾದರೂ ಕೇಳಿದರೆ, ವಾಕ್ಯದ ಎರಡನೇ ಸ್ಥಾನ ಎನ್ನುತ್ತೇನೆ. ಆಗಿಹೋದದ್ದನ್ನು ಮಾತಿನಲ್ಲಿ ಹೇಳುವಾಗ ಅಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಸಹಾಯಕ ಕ್ರಿಯಾಪದ ಬರುತ್ತದೆ. ಇರುವುದು ಎರಡೇ. ಒಂದು ‘ಹಾಬೆನ್’, ನಮ್ಮ ಬಳಿ ಏನೋ ಇದೆ ಎನ್ನಲು ಬಳಸುವ ಪದ. ಇನ್ನೊಂದು ‘ಝೈನ್’, ನಾವೇ ಇದ್ದೇವೆ ಎನ್ನಲು ಬಳಸುವ ಪದ. ಮುಖ್ಯ ಕ್ರಿಯಾಪದ ಕೃದಂತವಾಗಿ ವಾಕ್ಯದ ಕಟ್ಟಕಡೆಗೆ ಹೋಗಿ ಕೂರುತ್ತದೆ. ‘ಇಶ್’ (ನಾನು) ಎಂದು, ಅದಕ್ಕೆ ಹೊಂದುವ ಝೈನ್ ರೂಪವಾದ ‘ಬಿನ್’ ಸೇರಿಸಿ ಶುರು ಮಾಡಿದವನು ನಿನ್ನೆ, ಗೆಳೆಯನ ಜೊತೆ, ರೈಲಿನಲ್ಲಿ, ಕಲೋನ್‌ಗೆ ಎಂದೆಲ್ಲ ಹೇಳಿದ ಮೇಲೆಯೇ ‘ಗೆಫಾರೆನ್’ (ಹೋದೆ) ಎಂದು ಮುಗಿಸುತ್ತಾನೆ. ಆದರೆ ‘ಬಿನ್’ ಕಿವಿಗೆ ಬಿದ್ದಾಗಲೇ ಕೇಳುವವನಿಗೆ ಸುಳಿವು ಸಿಕ್ಕಿರುತ್ತದೆ. ಬರಲಿರುವುದು ಹೋದದ್ದೋ ಬಂದದ್ದೋ ಆದದ್ದೋ ಇರಬೇಕು. ತಿಂದದ್ದು, ಕೊಂಡದ್ದು, ಬರೆದದ್ದು ಅಲ್ಲ. ಹೇಳುವವನಂತೂ ವಾಕ್ಯದ ಕೊನೆಯ ಪದವನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೇ ಮೊದಲ ಪದ ಆಡಬೇಕು. ಜರ್ಮನ್ ಓದುತ್ತ, ಆಡುತ್ತ ಬಂದ ನನಗೆ ಈ ಆಯ್ಕೆಯ ಖುಷಿ ಇನ್ನೂ ಹಳೆಯದಾಗಿಲ್ಲ.

ನಿಯಮ ಹೇಳುವುದು ಸುಲಭ. ಕರ್ಮಪದ ಬೇಡುವ ಕ್ರಿಯೆಗಳಿಗೆ ಹಾಬೆನ್. ಪುಸ್ತಕ ಓದಿದೆ, ಬ್ರೆಡ್ ಕೊಂಡೆ, ಪತ್ರ ಬರೆದೆ ಇವೆಲ್ಲ ಅದರ ಪಾಲು. ಕೆಲಸ ಮಾಡಿದೆ, ಮಲಗಿ ನಿದ್ರಿಸಿದೆ ಎಂಬಂತೆ ಸುಮ್ಮನೆ ನಡೆಯುತ್ತಲೇ ಇರುವ ಕ್ರಿಯೆಗಳಿಗೂ ಅದೇ. ಕರ್ಮಪದವಿಲ್ಲದೆ, ಮಾಡುವವನನ್ನೇ ಒಂದು ಜಾಗದಿಂದ ಇನ್ನೊಂದು ಜಾಗಕ್ಕೋ ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೋ ಸಾಗಿಸುವ ಕ್ರಿಯೆಗಳಿಗೆ ಝೈನ್. ಹೋದ, ಬಂದ, ಹಾರಿದ, ಬಿದ್ದ, ಬೆಳೆದ, ಸತ್ತ. ಫ್ರೆಂಚ್, ಇಟಾಲಿಯನ್, ಡಚ್ ಭಾಷೆಗಳಲ್ಲೂ ಇಂಥದೇ ಎರಡು ದಾರಿಗಳಿವೆ. ಇಂಗ್ಲಿಷಿನಲ್ಲೂ ಹಿಂದೆ ಇದ್ದವು, ಕ್ರಮೇಣ ಒಂದೇ ಉಳಿಯಿತು.

ಈ ನಿಯಮದ ಸೊಗಸು ನಿದ್ದೆಯ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ. ನಿದ್ದೆ ಹತ್ತಿತು ಎನ್ನಲು ‘ಇಶ್ ಬಿನ್ ಐನ್‌ಗೆಶ್ಲಾಫೆನ್’. ಎಚ್ಚರದಿಂದ ನಿದ್ದೆಗೆ ಜಾರಿದ್ದು ಸ್ಥಿತಿಯ ಬದಲಾವಣೆ, ಹಾಗಾಗಿ ಝೈನ್. ಎಂಟು ಗಂಟೆ ನಿದ್ದೆ ಮಾಡಿದೆ ಎನ್ನಲು ‘ಇಶ್ ಹಾಬೆ ಗೆಶ್ಲಾಫೆನ್’. ಅಲ್ಲಿ ಏನೂ ಬದಲಾಗಲಿಲ್ಲ, ನಿದ್ದೆ ನಿದ್ದೆಯಾಗಿಯೇ ಸಾಗಿತು, ಹಾಗಾಗಿ ಹಾಬೆನ್. ಬೆಳಿಗ್ಗೆ ಎಚ್ಚರವಾಯಿತು ಎನ್ನುವಾಗ ಮತ್ತೆ ಝೈನ್. ಒಂದೇ ರಾತ್ರಿಗೆ ಎರಡು ಹೊಸ್ತಿಲು, ನಡುವೆ ಒಂದು ಕೋಣೆ. ಹೊಸ್ತಿಲು ದಾಟುವಾಗೆಲ್ಲ ಝೈನ್, ಕೋಣೆಯೊಳಗೆ ಇರುವಷ್ಟು ಹೊತ್ತು ಹಾಬೆನ್. ಹೂವಿಗೂ ಇದೇ ಲೆಕ್ಕ. ಗುಲಾಬಿ ಅರಳಿಕೊಂಡಿತ್ತು ಎನ್ನಲು ಹಾಬೆನ್, ಬಾಡಿಹೋಯಿತು ಎನ್ನಲು ಝೈನ್. ದಿನವೂ ನೋಡುವ ಸಂಗತಿಗಳಲ್ಲಿ ಯಾವುದು ಮುಂದುವರಿಕೆ, ಯಾವುದು ತಿರುವು ಎಂದು ನಿಂತು ನೋಡುವ ಅಭ್ಯಾಸ ನನಗೆ ಅಂಟಿದ್ದು ಈ ವ್ಯಾಕರಣದಿಂದಲೇ.

ಕೆಲವು ಕ್ರಿಯಾಪದಗಳು ಎರಡೂ ಕಡೆ ನಿಲ್ಲುತ್ತವೆ. ‘ವಿರ್ ಹಾಬೆನ್ ಗೆಟಾಂಟ್ಸ್ಟ್’ ಎಂದರೆ ನಾವು ಕುಣಿದೆವು, ಅಷ್ಟೇ. ಕುಣಿಯುತ್ತ ಸಭಾಂಗಣದ ಈ ತುದಿಯಿಂದ ಆ ತುದಿಗೆ ಹೋದೆವು ಎನ್ನಬೇಕಾದರೆ ಅದೇ ಕ್ರಿಯಾಪದಕ್ಕೆ ಝೈನ್ ಬರುತ್ತದೆ. ಪ್ರಯಾಣಿಕ ವಿಮಾನದಲ್ಲಿ ಹಾರಿದರೆ ಝೈನ್. ಪೈಲಟ್ ವಿಮಾನವನ್ನು ಹಾರಿಸಿದರೆ ಹಾಬೆನ್. ನೀರು ಹೆಪ್ಪುಗಟ್ಟಿದರೆ ಝೈನ್. ಚಳಿಗೆ ನಾನು ನಡುಗಿದರೆ, ಕ್ರಿಯಾಪದ ಅದೇ ಆದರೂ, ಹಾಬೆನ್. ನೀರು ಮಂಜುಗಡ್ಡೆಯಾಗಿ ಬೇರೆ ರೂಪ ಪಡೆಯಿತು, ನಾನು ಚಳಿಯನ್ನು ಅನುಭವಿಸಿದೆನಷ್ಟೇ.

ಎಲ್ಲಕ್ಕಿಂತ ನನಗೆ ಮೆಚ್ಚು ‘ಫೊಲ್ಗೆನ್’ ಎಂಬ ಕ್ರಿಯಾಪದ. ನಾಯಿ, ಝೈನ್ ರೂಪವಾದ ‘ಇಸ್ಟ್’ ಹಚ್ಚಿ, ‘ಇಸ್ಟ್ ಮಿರ್ ಗೆಫೊಲ್ಗ್ಟ್’ ಎಂದರೆ ನನ್ನ ಹಿಂದೆ ಹಿಂದೆ ಬಂತು. ಅದೇ ನಾಯಿ, ಹಾಬೆನ್ ರೂಪವಾದ ‘ಹಟ್’ ಹಚ್ಚಿ, ‘ಹಟ್ ಮಿರ್ ಗೆಫೊಲ್ಗ್ಟ್’ ಎಂದರೆ ನನ್ನ ಮಾತು ಕೇಳಿತು. ಮೊದಲನೆಯದರಲ್ಲಿ ನಾಯಿ ಹೆಜ್ಜೆ ಹಾಕಿ ಜಾಗ ಬದಲಿಸಿದೆ. ಎರಡನೆಯದರಲ್ಲಿ ಕೂರು ಎಂದಾಗ ಕೂತಿದ್ದರೂ ಸಾಕು. ಉಳಿದೆಲ್ಲ ಪದಗಳೂ ಅವೇ. ವ್ಯತ್ಯಾಸವನ್ನೆಲ್ಲ ಹೊತ್ತಿರುವುದು ಆ ಎರಡನೇ ಸ್ಥಾನ.

ಕನ್ನಡದವರಿಗೆ ಇಲ್ಲಿ ಇನ್ನೊಂದು ರುಚಿ ಕಾದಿದೆ. ಬಟ್ಟೆ ಒಣಗಿದೆ ಎನ್ನುತ್ತೇವೆ, ಅವಳು ಬಟ್ಟೆ ಒಣಗಿಸಿದ್ದಾಳೆ ಎನ್ನುತ್ತೇವೆ. ಎರಡರಲ್ಲೂ ಸಹಾಯಕ್ಕೆ ಬಂದದ್ದು ‘ಇರು’ ಧಾತುವೇ. ತಾನಾಗಿ ಆದದ್ದನ್ನೂ ಒಬ್ಬರು ಮಾಡಿದ್ದನ್ನೂ ಬೇರೆ ಮಾಡಿದ್ದು ‘ಇಸು’ ಪ್ರತ್ಯಯ. ಜರ್ಮನ್ನಿನಲ್ಲಿ ‘ಟ್ರೊಕ್ನೆನ್’ ಎಂಬ ಒಂದೇ ಕ್ರಿಯಾಪದ ಎರಡಕ್ಕೂ ಸಲ್ಲುತ್ತದೆ. ಬಟ್ಟೆ ಒಣಗಿದ್ದಕ್ಕೆ ಝೈನ್, ಒಣಗಿಸಿದ್ದಕ್ಕೆ ಹಾಬೆನ್. ನಾವು ಕ್ರಿಯಾಪದದ ಬಾಲದಲ್ಲಿ ತೋರಿಸುವ ಭೇದವನ್ನು ಅವರು ಸಹಾಯಕದಲ್ಲಿ ತೋರಿಸುತ್ತಾರೆ. ‘ಬೇಯು’, ‘ಬೇಯಿಸು’ ಎಂದು ಎಳವೆಯಿಂದ ಆಡಿದವರಿಗೆ ಈ ಭೇದ ಹೊಸದಲ್ಲ. ಅದನ್ನು ಇಡುವ ಜಾಗ ಮಾತ್ರ ಹೊಸದು.

ನಿಯಮದ ಹಿಡಿತಕ್ಕೆ ಸಿಗದವೂ ಇವೆ. ‘ಬ್ಲೈಬೆನ್’ ಎಂದರೆ ಇದ್ದಲ್ಲೇ ಉಳಿಯುವುದು. ಅದರಲ್ಲಿ ಚಲನೆಯೂ ಇಲ್ಲ, ಬದಲಾವಣೆಯೂ ಇಲ್ಲ. ಆದರೂ ಅದಕ್ಕೆ ಝೈನ್. ಝೈನ್ ಪದಕ್ಕೂ ಸಹಾಯಕ ಝೈನೇ. ಸಿನಿಮಾ ಶುರುವಾಯಿತು ಎಂಬಲ್ಲಿ ಬದಲಾವಣೆ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿದ್ದರೂ ಬರುವುದು ಹಾಬೆನ್. ತೂಕ ಹೆಚ್ಚಾಯಿತು ಎನ್ನಲು ಬಳಸುವ ‘ತ್ಸೂನೇಮೆನ್’ ಕೂಡ ಹಾಗೆಯೇ. ಅದರೊಳಗಿರುವ ‘ನೇಮೆನ್’ ತೆಗೆದುಕೊಳ್ಳುವ ಕ್ರಿಯೆ; ಅದು ತನ್ನ ಹಾಬೆನ್ನನ್ನು ಜೊತೆಗೇ ತಂದಿದೆ. ಇವನ್ನು ನಾನು ಅಪವಾದಗಳೆಂದು ಬದಿಗೆ ಸರಿಸುವುದಿಲ್ಲ. ಸಾವಿರಾರು ಬಾಯಿಗಳಲ್ಲಿ ಬಾಳಿ ಬಂದ ಭಾಷೆಯ ಗುರುತುಗಳು ಅವು.

ಬಾಯಿ ಎಂದಾಗ ಊರಿನ ಮಾತೂ ಬರಬೇಕು. ಕೂತಿದ್ದೆ, ನಿಂತಿದ್ದೆ, ಮಲಗಿದ್ದೆ ಎನ್ನಲು ಉತ್ತರ ಜರ್ಮನಿಯವರು ಹಾಬೆನ್ ಹಚ್ಚುತ್ತಾರೆ. ದಕ್ಷಿಣ ಜರ್ಮನಿ, ಆಸ್ಟ್ರಿಯ, ಸ್ವಿಟ್ಜರ್ಲೆಂಡ್‌ಗಳಲ್ಲಿ ಝೈನ್ ಹಚ್ಚುತ್ತಾರೆ. ಇದರಿಂದ ದಕ್ಷಿಣದವರಿಗೆ ಒಂದು ಅನುಕೂಲವೂ ಆಗಿದೆ. ‘ಗೆಶ್ಟಾಂಡೆನ್’ ಎಂಬ ಕೃದಂತ ನಿಂತದ್ದಕ್ಕೂ ಹೌದು, ತಪ್ಪೊಪ್ಪಿಕೊಂಡದ್ದಕ್ಕೂ ಹೌದು. ಹ್ಯಾಂಬರ್ಗಿನಲ್ಲಿ ‘ಇಶ್ ಹಾಬೆ ಗೆಶ್ಟಾಂಡೆನ್’ ಎಂದರೆ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು. ವಿಯೆನ್ನಾದಲ್ಲಿ ನಿಂತವನು ‘ಬಿನ್’ ಎನ್ನುತ್ತಾನೆ, ಒಪ್ಪಿಕೊಂಡವನು ‘ಹಾಬೆ’ ಎನ್ನುತ್ತಾನೆ. ಗೊಂದಲವೇ ಇಲ್ಲ.

ಈ ಗಡಿಯ ಎರಡೂ ಬದಿಯಿಂದ ನಮ್ಮ ನೆಲಕ್ಕೆ ಜನ ಬಂದಿದ್ದಾರೆ. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು ದಕ್ಷಿಣದ ವ್ಯುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್‌ನಲ್ಲಿ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟೆಲ್ ಹುಟ್ಟಿದ್ದು ಉತ್ತರದ ಕಡಲಂಚಿನ ಪೂರ್ವ ಫ್ರೀಸ್‌ಲ್ಯಾಂಡ್‌ನಲ್ಲಿ. ಇಂದು ಮೊಗ್ಲಿಂಗರ ಊರ ಕಡೆ ಬೆಂಚಿನ ಮೇಲೆ ಕೂತಿದ್ದೆ ಎನ್ನುವವರ ಬಾಯಲ್ಲಿ ಝೈನ್ ಕೇಳುತ್ತದೆ, ಕಿಟೆಲ್ಲರ ಊರ ಕಡೆ ಹಾಬೆನ್. ಎರಡನ್ನೂ ನಿಘಂಟುಗಳು ಒಪ್ಪುತ್ತವೆ. ಶಿಷ್ಟ ಭಾಷೆಯೊಂದು ತನ್ನ ಪ್ರದೇಶಗಳಿಗೆ ಇಷ್ಟು ಜಾಗ ಬಿಟ್ಟುಕೊಟ್ಟದ್ದು ನನಗೆ ದೊಡ್ಡ ಸಮಾಧಾನ.

ಈಗ ಕರ್ನಾಟಕದ ನರ್ಸಿಂಗ್ ಓದಿದ ಮಕ್ಕಳು ಜರ್ಮನಿಯ ಆಸ್ಪತ್ರೆಗಳಿಗೆ ಹೋಗಲೆಂದು ಈ ಭಾಷೆ ಕಲಿಯುತ್ತಿದ್ದಾರೆ. ಪಾಳಿ ಬದಲಾಗುವ ಹೊತ್ತಿಗೆ ರೋಗಿಯ ಸ್ಥಿತಿಯನ್ನು ಮುಂದಿನವರಿಗೆ ಹೇಳಿ ಒಪ್ಪಿಸಬೇಕು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು, ಹಾಬೆನ್. ಬೆಳಗಿನ ಜಾವ ಎದ್ದರು, ಝೈನ್. ಸ್ನಾನದ ಮನೆಯಲ್ಲಿ ಬಿದ್ದರು, ಝೈನ್. ಮಾತ್ರೆ ತೆಗೆದುಕೊಂಡರು, ಹಾಬೆನ್. ಸಹಾಯಕ ತಪ್ಪಿದರೂ ವಿಷಯ ತಿಳಿಯುತ್ತದೆ, ನಿಜ. ಆದರೆ ಸರಿಯಾಗಿ ಬಂದಾಗ ಎದುರಿನವರು ವಾಕ್ಯವನ್ನಲ್ಲ, ರೋಗಿಯನ್ನೇ ಗಮನಿಸುತ್ತಾರೆ. ವ್ಯಾಕರಣ ಮಾಡಬೇಕಾದ ಕೆಲಸವೇ ಅದು.

ಕಲಿಯುವವರಿಗೆ ನನ್ನದೊಂದು ಮಾತು. ನಿಯಮದ ಪಟ್ಟಿಯನ್ನು ಉರು ಹೊಡೆಯುವ ಬದಲು, ಹೊಸ ಕ್ರಿಯಾಪದ ಸಿಕ್ಕಿದಾಗ ಅದರ ಕೃದಂತವನ್ನು ಸಹಾಯಕದ ಸಮೇತ ಬರೆದುಕೊಳ್ಳಿ: ‘ಇಸ್ಟ್ ಗೆಬ್ಲೀಬೆನ್’, ‘ಹಟ್ ಗೆಶ್ಲಾಫೆನ್’. ಬರೆದದ್ದನ್ನು ಗಟ್ಟಿಯಾಗಿ ಹೇಳಿ. ಸಂದೇಹ ಬಂದರೆ ಎರಡು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಕರ್ಮಪದ ಇದೆಯೇ? ಇಲ್ಲವಾದರೆ, ಮಾಡಿದವನು ಇದ್ದಲ್ಲಿಂದ, ಇದ್ದ ಹಾಗಿನಿಂದ ಬೇರೆಯಾದನೇ? ಬಹುಪಾಲು ಸಲ ಉತ್ತರ ಅಲ್ಲೇ ಸಿಗುತ್ತದೆ. ಸಿಗದ ಕೆಲವನ್ನು ಬಳಕೆ ಕಲಿಸುತ್ತದೆ. ಆ ಕಲಿಕೆಗೆ ಕಿವಿಗಿಂತ ಒಳ್ಳೆಯ ಗುರು ಇಲ್ಲ.