ಕತ್ತಲಾಗ ಹುಡುಕೋ ಹುಡುಗ

‘ಲಿಂಬೊ’ ಅಂತ ಒಂದು ವಿಡಿಯೊ ಗೇಮ್ ಅದರೀ. ಡೆನ್ಮಾರ್ಕಿನ ಪ್ಲೇಡೆಡ್ ಕಂಪನಿಯವರು 2010ರಾಗ ತಂದದ್ದು. ಎಲ್ಲಾ ಕಪ್ಪು-ಬಿಳುಪು, ಒಂದು ಮಾತಿಲ್ಲ. ಸಣ್ಣ ಹುಡುಗ ಕಾಡಿನಾಗ ಒಡಹುಟ್ಟಿದಾಕಿನ್ನ ಹುಡುಕ್ಕೋತ ಹೊಂಟಾನ. ಅಕ್ಕನೋ ತಂಗಿನೋ, ಆಟ ಹೇಳಂಗಿಲ್ಲ. ಪೆಟಗಿ ದಬ್ಬಬೇಕು, ಹಗ್ಗಕ್ಕ ಜೋತಾಡಬೇಕು. ತಪ್ಪಿದ್ರ ದೊಡ್ಡ ಜೇಡ ಕಾಲಿಲೆ ಚುಚ್ಚತದ. ಸತ್ತಾಂವ ಮತ್ತ ಅಲ್ಲೇ ಹತ್ತರ ಎದ್ದು ನಡೀತಾನ.

ಕಡೀಕ ಆಕಿ ಕೂತದ್ದು ಕಾಣತದ. ಅಷ್ಟಕ್ಕ ಮುಗೀತು! ಆಡಿದವರಾಗ ಕೆಲವರಿಗೆ ಸಿಟ್ಟು: ಆಟ ಭಾಳ ಸಣ್ಣದು, ಕೊನಿ ಅರ್ಧಕ್ಕ ನಿಂತದ ಅಂತ. ನನ್ನ ಮಗನೂ ಹಂಗ ಅಂದ.

ನನಗ ಹಂಗ ಅನಸಲಿಲ್ಲ. ಹೊಲದ ಜಗಳ ಆದ ಮ್ಯಾಲೆ ನಮ್ಮಣ್ಣ ಪಂಚಮಿಗೆ ಕರೀಲಿಕ್ಕೆ ಬಂದಿಲ್ಲ, ಆರು ವರ್ಷ ಆತು. ಬಾಗಲದಾಗ ಬಂದು ನಿಂತ್ರ ಸಾಕು ನೋಡ್ರೆವ್ವಾ, ಮಾತು ಆಮ್ಯಾಲ.